ಟೈರ್ ಒಂದೇ ಕಡೆ ಸವೆಯುತ್ತಿದೆಯೇ? ಕ್ಯಾಂಬರ್ ಬಗ್ಗೆ ತಿಳಿಯೋಣ



ವರ್ತೂರಿನ ಒಂದು ಸಂಘದ ವಾರದ ಸಭೆಯಲ್ಲಿ ನಾನು ಕುಳಿತಿದ್ದಾಗ ನಡೆದ ವಿಷಯ ಇದು. ಒಬ್ಬ ಸದಸ್ಯೆ ಒಂಬತ್ತು ಸಾವಿರ ರೂಪಾಯಿ ಆಂತರಿಕ ಸಾಲ ಕೇಳಿದರು. ಮಗ ಸಾಲದ ಮೇಲೆ ಕಾರು ತೆಗೆದು ವೈಟ್‌ಫೀಲ್ಡ್ ಕಡೆಯ ಕಂಪನಿಗೆ ಓಡಿಸುತ್ತಾನೆ. ಮುಂದಿನ ಎರಡು ಟೈರ್ ಹೋಗಿವೆ ಅಂದರು.

"ಅಲ್ಲಕ್ಕಾ, ಯುಗಾದಿಗೆ ತಾನೇ ಟೈರಿಗೆ ಅಂತ ತಗೊಂಡ್ರಿ? ಇನ್ನೂ ದಸರಾನೇ ಬಂದಿಲ್ಲ" ಅಂತ ಇನ್ನೊಬ್ಬರು ಕೇಳಿದರು.

ಎಲ್ಲರೂ ಸುಮ್ಮನಾದರು. ಹುಡುಗ ದುಡ್ಡನ್ನು ಬೇರೆ ಯಾವುದಕ್ಕೋ ಹಾಕುತ್ತಿದ್ದಾನೆ ಅನ್ನೋ ಅನುಮಾನ ಯಾರ ಬಾಯಿಂದಲೂ ಬರಲಿಲ್ಲ, ಆದರೆ ಎಲ್ಲರ ಮುಖದಲ್ಲೂ ಇತ್ತು. ಆ ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಕೊನೆಗೆ ಸಂಘದ ಪ್ರತಿನಿಧಿ, "ಟೈರನ್ನೇ ತರಿಸಿ, ನೋಡೇ ಬಿಡೋಣ" ಅಂದರು.

ಟೈರ್ ಬಂತು. ಹೊರಗಡೆಯ ಅರ್ಧ ಹೊಸದರ ಹಾಗೆ ಇತ್ತು. ಒಳಗಡೆಯ ಅಂಚಿನಲ್ಲಿ ರಬ್ಬರ್ ಹೋಗಿ ತಂತಿ ಕಾಣುತ್ತಿತ್ತು. ಹುಡುಗ ಸುಳ್ಳು ಹೇಳಿರಲಿಲ್ಲ.

ನಮ್ಮ ಸಂಘಗಳ ಎಷ್ಟೋ ಮನೆಗಳಲ್ಲಿ ಈಗ ಒಂದು ಕಾರೋ, ಒಂದು ಟಾಟಾ ಏಸೋ ಇದೆ. ಅದರ ಕಂತು ಕಟ್ಟುವ ಚಿಂತೆ ನಮಗೂ ಇದೆ. ಆದರೆ ಗಾಡಿ ವಿಷಯ ಬಂದಾಗ "ಅದೆಲ್ಲ ಗಂಡಸರಿಗೆ ಗೊತ್ತು" ಅಂತ ಬಿಟ್ಟುಬಿಡುತ್ತೇವೆ. ಹಾಗಾಗಿ ಈ ಸಲದ ಪಾಠ ಚಕ್ರದ ಬಗ್ಗೆ.

ಮೊದಲು ನಿಮ್ಮ ಹಳೆಯ ಹವಾಯಿ ಚಪ್ಪಲಿ ತಿರುಗಿಸಿ ನೋಡಿ. ಕೆಲವರದು ಹಿಮ್ಮಡಿಯ ಹೊರಗಡೆ ಸವೆದಿರುತ್ತದೆ, ಕೆಲವರದು ಒಳಗಡೆ. ಅದು ಚಪ್ಪಲಿಯ ತಪ್ಪಲ್ಲ, ಪಾದ ವಾಲುವ ರೀತಿ ಹಾಗಿದೆ. ಹೊಸ ಚಪ್ಪಲಿ ತಂದರೂ ಅದೇ ಕಡೆ ಸವೆಯುತ್ತದೆ. ಕಾರಿನ ಚಕ್ರವೂ ಹೀಗೆಯೇ. ಕಾರಿನ ಮುಂದೆ ನಿಂತು ನೋಡಿದರೆ ಚಕ್ರದ ತಲೆ ಒಳಗಡೆಗೋ ಹೊರಗಡೆಗೋ ಸ್ವಲ್ಪ ವಾಲಿರುತ್ತದೆ. ಈ ವಾಲಿಕೆಗೆ ಕ್ಯಾಂಬರ್ ಅಂತ ಹೆಸರು. ತಲೆ ಒಳಗೆ ವಾಲಿದರೆ ಮೈನಸ್, ಹೊರಗೆ ವಾಲಿದರೆ ಪ್ಲಸ್. ಸ್ವಲ್ಪ ವಾಲಿಕೆಯನ್ನು ಕಂಪನಿಯವರೇ ಬೇಕೆಂದು ಇಟ್ಟಿರುತ್ತಾರೆ, ಅದು ಕಣ್ಣಿಗೆ ಕಾಣದಷ್ಟು. ಹೆಚ್ಚಾದರೆ ತೊಂದರೆ. ಮೈನಸ್ ಹೆಚ್ಚಾದರೆ ಟೈರಿನ ಒಳ ಅಂಚು ತಿನ್ನುತ್ತದೆ, ಪ್ಲಸ್ ಹೆಚ್ಚಾದರೆ ಹೊರ ಅಂಚು. ಎಡಕ್ಕೂ ಬಲಕ್ಕೂ ವಾಲಿಕೆ ಬೇರೆ ಬೇರೆ ಆದರೆ ಸ್ಟೇರಿಂಗ್ ಒಂದು ಕಡೆಗೆ ಎಳೆಯುತ್ತದೆ.

ಟೋ ಅನ್ನುವುದು ಬೇರೆ. ಇಬ್ಬರಿಗೂ ಜಗಳ ಹತ್ತುವುದು ಇಲ್ಲೇ. ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮೂತಿ ಒಳಗೆ ತಿರುಗಿದೆಯೋ ಹೊರಗೆ ತಿರುಗಿದೆಯೋ, ಅದು ಟೋ. ನಾವು ನಡೆಯುವಾಗ ಹೆಬ್ಬೆರಳು ಒಳಗೆ ಅಥವಾ ಹೊರಗೆ ಮಾಡಿ ನಡೆದ ಹಾಗೆ. ಟೋ ತಪ್ಪಿದರೂ ಅಂಚೇ ಸವೆಯುತ್ತದೆ, ಆದರೆ ಸವೆತದ ಗುಣ ಬೇರೆ. ಗಾಡಿ ನಿಲ್ಲಿಸಿದಾಗ ಅಂಗೈಯನ್ನು ಟೈರಿನ ಮೇಲೆ ಅಡ್ಡಕ್ಕೆ, ಒಮ್ಮೆ ಒಳಗಿನಿಂದ ಹೊರಕ್ಕೆ, ಒಮ್ಮೆ ಹೊರಗಿನಿಂದ ಒಳಕ್ಕೆ ಮೆಲ್ಲಗೆ ಸವರಿ. ತಂತಿ ಎದ್ದಿದ್ದರೆ ಮಾತ್ರ ಕೈ ಹಾಕಬೇಡಿ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಲ್ಲಿನ ಹಾಗೆ ಚುಚ್ಚಿದರೆ ಟೋ ತಪ್ಪಿದೆ. ಎರಡೂ ಕಡೆಗೆ ನುಣುಪಾಗಿದ್ದು ಒಂದೇ ಅಂಚು ಇಳಿಜಾರಾಗಿ ಸವೆದಿದ್ದರೆ ಕ್ಯಾಂಬರ್ ಮೇಲೆ ಅನುಮಾನ ಪಡಿ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ, ನಡು ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು.

ಒಳ ಅಂಚು ನಿಂತಲ್ಲಿಂದ ಕಾಣುವುದಿಲ್ಲ, ಇದೇ ಅಪಾಯ. ಹೊರಗಿನಿಂದ ಟೈರ್ ಚೆನ್ನಾಗಿದೆ ಅಂತ ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತೇವೆ, ಒಳಗಡೆ ತಂತಿ ಬಂದಿರುತ್ತದೆ. ಸ್ಟೇರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಲು ಹೇಳಿ, ಆಗ ಮುಂದಿನ ಚಕ್ರದ ಒಳಭಾಗ ಕಾಣುತ್ತದೆ. ಕಾರಿನ ಟೈರಿನ ಗೀರು 1.6 ಮಿಲಿಮೀಟರ್‌ಗಿಂತ ಕಡಿಮೆ ಆಗಬಾರದು ಅಂತ ನಿಯಮವೇ ಇದೆ. ಗೀರಿನ ಒಳಗೆ ಅಲ್ಲಲ್ಲಿ ಸಣ್ಣ ರಬ್ಬರ್ ದಿಂಡು ಇರುತ್ತದೆ, ಟೈರ್ ಅದರ ಮಟ್ಟಕ್ಕೆ ಬಂದರೆ ಮುಗಿಯಿತು.

ವಾಲಿಕೆ ಅಳೆಯಲು ಗಾರೆ ಮೇಸ್ತ್ರಿಯ ತೂಗುಗುಂಡು ಸಾಕು. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಗಾಳಿ ಸರಿಯಾಗಿರಲಿ, ಸ್ಟೇರಿಂಗ್ ನೇರ ಇರಲಿ. ಚಕ್ರದ ನಡುವಿಗೆ ಸರಿಯಾಗಿ, ಟೈರಿಗೆ ತಾಗದ ಹಾಗೆ ದಾರ ಇಳಿಬಿಡಿ. ಕಬ್ಬಿಣದ ರಿಮ್ಮಿನ ಮೇಲಂಚಿಗೂ ದಾರಕ್ಕೂ ಎಷ್ಟು ಅಂತರ, ಕೆಳ ಅಂಚಿಗೂ ದಾರಕ್ಕೂ ಎಷ್ಟು ಅಂತ ಸ್ಕೇಲಿನಲ್ಲಿ ನೋಡಿ. ಮೇಲಿನ ಅಂತರ ಹೆಚ್ಚಿದ್ದರೆ ತಲೆ ಒಳಗೆ ವಾಲಿದೆ. 14 ಇಂಚಿನ ರಿಮ್ಮಿನಲ್ಲಿ ಎರಡಕ್ಕೂ 6 ಮಿಲಿಮೀಟರ್ ವ್ಯತ್ಯಾಸ ಬಂದರೆ ಹೆಚ್ಚುಕಡಿಮೆ ಒಂದು ಡಿಗ್ರಿ. ಎಡ, ಬಲ ಎರಡನ್ನೂ ಅಳೆದು ಹೋಲಿಸಿ. ಇದು ಪಕ್ಕಾ ಲೆಕ್ಕ ಅಲ್ಲ, ಅಂಗಡಿಗೆ ಹೋಗುವ ಮುಂಚೆ ನಮಗೊಂದು ಅಂದಾಜು.

ಇನ್ನು ಸರಿಪಡಿಸುವ ವಿಷಯ. ಎಲ್ಲ ಗಾಡಿಗೂ ಒಂದೇ ವಿಧಾನ ಇಲ್ಲ. ಬಿಡದಿಯ ಕಾರ್ಖಾನೆಯಿಂದ 2005ರಲ್ಲಿ ಬಂದ ಇನ್ನೋವಾದಲ್ಲಿ ಮುಂದಿನ ಚಕ್ರದ ಕೆಳಗಿನ ಆರ್ಮ್‌ಗೆ ಓರೆ ಬಿಲ್ಲೆಯ ಬೋಲ್ಟ್ ಇದೆ, ಅದನ್ನು ತಿರುಗಿಸಿದರೆ ಕ್ಯಾಂಬರ್ ಬದಲಾಗುತ್ತದೆ. ಅದೇ ವರ್ಷ ಬಂದ ಟಾಟಾ ಏಸ್‌ನಲ್ಲಿ ಮುಂದೆ ಗಟ್ಟಿ ಆಕ್ಸಲ್, ವಾಲಿಕೆ ಆಕ್ಸಲಿನಲ್ಲೇ ಕೂತಿದೆ. ಅಲ್ಲಿ ತಿರುಗಿಸಲು ಏನೂ ಇಲ್ಲ, ಟೋ ಮಾತ್ರ. ಸ್ವಿಫ್ಟ್, ಡಿಜೈರ್ ತರಹದ ಕಾರುಗಳಲ್ಲಿ ಮುಂದಿನ ಷಾಕನ್ನು ಚಕ್ರದ ಭಾಗಕ್ಕೆ ಎರಡು ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಬೋಲ್ಟ್ ಸಡಿಲಿಸಿ, ತೂತಿನಲ್ಲಿ ಸಿಗುವ ಅಷ್ಟಿಷ್ಟು ಜಾಗದಲ್ಲಿ ಚಕ್ರದ ತಲೆಯನ್ನು ತಳ್ಳಿಯೋ ಎಳೆದೋ ಮತ್ತೆ ಬಿಗಿಯಬಹುದು. ಅದಕ್ಕಿಂತ ಹೆಚ್ಚು ವಾಲಿದ್ದರೆ ಏನೋ ಬಗ್ಗಿದೆ ಅಥವಾ ಸವೆದಿದೆ ಅಂತ ಅರ್ಥ: ಷಾಕ್, ಲೋಯರ್ ಆರ್ಮ್, ಅದರ ಬುಷ್, ಬಾಲ್ ಜಾಯಿಂಟ್, ಬೇರಿಂಗ್, ಕೂತುಹೋದ ಸ್ಪ್ರಿಂಗ್.

ನಮ್ಮ ಕಡೆ ಇವು ಬಗ್ಗಲು ಕಾರಣ ಹುಡುಕಬೇಕಾಗಿಲ್ಲ. ಟ್ಯಾಂಕರ್, ಟಿಪ್ಪರ್ ಓಡಿ ಓಡಿ ಗುಂಜೂರು, ಪಣತ್ತೂರು ರಸ್ತೆಗಳಲ್ಲಿ ಬಿದ್ದ ಗುಂಡಿಗಳು ಎಲ್ಲರಿಗೂ ಗೊತ್ತು. 2015ರಲ್ಲಿ ಕೆರೆಯ ನೊರೆ ವರ್ತೂರು ಕೋಡಿಯ ರಸ್ತೆಗೆ ಹಾರಿ ಬಂದಾಗಂತೂ ರಸ್ತೆಯೇ ಕಾಣುತ್ತಿರಲಿಲ್ಲ, ಇನ್ನು ಗುಂಡಿ ಎಲ್ಲಿ ಕಂಡೀತು!

ಕೆಲವು ಅಂಗಡಿಗಳಲ್ಲಿ ಹೈಡ್ರಾಲಿಕ್ ಜಾಕ್ ಕೊಟ್ಟು ಆ ಭಾಗವನ್ನೇ ಬಗ್ಗಿಸಿ ಅಂಕಿ ಸರಿ ಮಾಡುತ್ತಾರೆ, ಚಕ್ರಕ್ಕೆ ಇಷ್ಟು ಅಂತ ಬೇರೆ ದುಡ್ಡು. ಕಂಪ್ಯೂಟರಿನಲ್ಲಿ ಹಸಿರು ಬರುತ್ತದೆ, ನಿಜ. ಆದರೆ ಸವೆದ ಬುಷ್ ಸವೆದೇ ಇರುತ್ತದೆ, ಬಗ್ಗಿದ ಕಬ್ಬಿಣ ಎರಡನೇ ಸಲ ಬಗ್ಗಿರುತ್ತದೆ. ನಾನಂತೂ ಬೇಡ ಎನ್ನುತ್ತೇನೆ. ಮೊದಲು ಚಕ್ರ ಎತ್ತಿಸಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡಲು ಹೇಳಿ. ಲಟಲಟ ಅಂದರೆ ಆ ಸಾಮಾನು ಬದಲಾಯಿಸಿದ ಮೇಲೆಯೇ ಅಲೈನ್‌ಮೆಂಟ್. ಕ್ಯಾಂಬರ್ ಮೊದಲು, ಟೋ ಕೊನೆಗೆ, ಏಕೆಂದರೆ ಕ್ಯಾಂಬರ್ ಮುಟ್ಟಿದರೆ ಟೋ ಕೂಡ ಬದಲಾಗುತ್ತದೆ. ಮಾಡುವ ಮುಂಚಿನ ಅಂಕಿ, ಮಾಡಿದ ಮೇಲಿನ ಅಂಕಿ ಎರಡೂ ಇರುವ ಪ್ರಿಂಟ್ ಚೀಟಿ ಕೇಳಿ ಪಡೆಯಿರಿ. ಅದರಲ್ಲಿ 60 ಮಿನಿಟ್ ಅಂದರೆ ಒಂದು ಡಿಗ್ರಿ, ಗಡಿಯಾರದ ಮಿನಿಟ್ ಅಲ್ಲ.

ಆ ತಾಯಿಯ ಮಗನಿಗೂ ಹಿಂದೆ ಎರಡು ಸಲ ಅಲೈನ್‌ಮೆಂಟ್ ಆಗಿತ್ತಂತೆ. ಚೀಟಿ ಹುಡುಕಿ ತಂದಾಗ ನೋಡಿದರೆ ಎರಡು ಸಲವೂ ಟೋ ಮಾತ್ರ ಸರಿ ಮಾಡಿದ್ದರು. ಎಡಗಡೆಯ ಕ್ಯಾಂಬರ್ ಮುಂಚೆಯೂ ಕೆಂಪು, ಆಮೇಲೂ ಕೆಂಪು. ಗುಂಡಿಗೆ ಬಿದ್ದು ಎಡಗಡೆ ಷಾಕ್ ಬಗ್ಗಿತ್ತು. ಸಂಘ ಸಾಲವನ್ನು ಮಂಜೂರು ಮಾಡಿತು. ಆದರೆ ನಡಾವಳಿ ಪುಸ್ತಕದಲ್ಲಿ "ಎರಡು ಟೈರ್" ಎನ್ನುವುದನ್ನು ಹೊಡೆದು "ಒಂದು ಷಾಕ್, ಒಂದು ಬುಷ್, ಒಂದು ಟೈರ್" ಅಂತ ಬರೆದರು. ಇನ್ನೊಂದು ಚಕ್ರಕ್ಕೆ ಸ್ಟೆಪ್ನಿಯಲ್ಲಿದ್ದ ಒಳ್ಳೆಯ ಟೈರ್ ಹಾಕಿಸಿದರು.

ಮುಂದಿನ ಸಭೆಗೆ: ಮನೆಯಲ್ಲಿ ಗಾಡಿ ಇರುವ ಸದಸ್ಯೆಯರು ಸ್ಟೇರಿಂಗ್ ತಿರುಗಿಸಿ ಎರಡೂ ಮುಂದಿನ ಟೈರಿನ ಒಳ ಅಂಚು ನೋಡಿಕೊಂಡು ಬನ್ನಿ. ಕಳೆದ ಸಲದ ಅಲೈನ್‌ಮೆಂಟ್ ಚೀಟಿ ಇದ್ದರೆ ಅದನ್ನೂ ತನ್ನಿ, ಕೂತು ಒಟ್ಟಿಗೆ ಓದೋಣ.