ಮೇಲ್ವಿಚಾರಕರ ಹಿಮ್ಮಾಹಿತಿ: ಸಿಬ್ಬಂದಿ ಅದನ್ನು ಸ್ವೀಕರಿಸುವ ಬಗೆ

ನೌಕರರ ಕೆಲಸದ ಗುಣದೋಷಗಳನ್ನು ಮೇಲ್ವಿಚಾರಕರು ಅವರಿಗೇ ತಿಳಿಸುವುದನ್ನು ಆಡಳಿತಶಾಸ್ತ್ರದಲ್ಲಿ ‘ಹಿಮ್ಮಾಹಿತಿ’ ಎನ್ನಲಾಗುತ್ತದೆ. ತಪ್ಪನ್ನು ಎತ್ತಿ ಹೇಳಿದರೆ ಕೆಲಸ ತಾನಾಗಿಯೇ ಸುಧಾರಿಸುತ್ತದೆ ಎಂಬುದು ವ್ಯಾಪಾರಸ್ಥರಲ್ಲಿ ಸಾಮಾನ್ಯವಾಗಿರುವ ನಂಬಿಕೆ. ಆದರೆ ಇದು ಯಾವಾಗಲೂ ನಿಜವಲ್ಲ.

ಕೌಂಟರಿನ ಹಿಂದಿನ ನೌಕರ

ಚನ್ನಗಿರಿ, ಹೊನ್ನಾಳಿ, ಜಗಳೂರು ತಾಲ್ಲೂಕುಗಳು 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿವೆ. ಯಾವುದೇ ವಿಶ್ವವಿದ್ಯಾನಿಲಯದಲ್ಲಿ ಅಂಕಪಟ್ಟಿ, ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯಗಳ ಕೆಲಸ ನೋಡುವ ಸಿಬ್ಬಂದಿಯ ಸ್ಥಿತಿ ಗಮನಾರ್ಹವಾದುದು. ಸಕಾಲಕ್ಕೆ ಮುಗಿದ ನೂರು ಅರ್ಜಿಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ತಡವಾದ ಒಂದು ಅರ್ಜಿ ಮೇಲಧಿಕಾರಿಯವರೆಗೆ ಹೋಗುತ್ತದೆ. ಹೀಗೆ ದೂರಿನ ದಿನ ಮಾತ್ರ ಮೇಲಧಿಕಾರಿಯ ಧ್ವನಿ ಕೇಳುವ ನೌಕರ, ಮುಂದೆ ಅವರ ಯಾವ ಮಾತನ್ನಾದರೂ ದೂರೆಂದೇ ಭಾವಿಸುತ್ತಾನೆ. ಅಡಿಕೆ ಮಂಡಿಯಲ್ಲಿ ಮಾಲು ಆಯುವವರ ಪಾಡೂ ಇದಕ್ಕಿಂತ ಭಿನ್ನವಲ್ಲ.

ಅಧ್ಯಯನದ ಪಾಠ

ಸಂಶೋಧಕರಾದ ಕ್ಲೂಗರ್ ಮತ್ತು ಡೆನಿಸಿ 1996ರಲ್ಲಿ ಅಂದಿನವರೆಗಿನ ಅಧ್ಯಯನಗಳ 607 ಫಲಿತಾಂಶಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಸರಾಸರಿಯಲ್ಲಿ ಹಿಮ್ಮಾಹಿತಿಯಿಂದ ಕೆಲಸ ಸುಧಾರಿಸಿತ್ತು. ಆದರೆ ಮೂರನೇ ಒಂದು ಭಾಗಕ್ಕೂ ಹೆಚ್ಚಿನ ಸಂದರ್ಭಗಳಲ್ಲಿ ಕೆಲಸ ಕುಸಿದಿತ್ತು. ಗಮನವು ಕೆಲಸದಿಂದ ಸರಿದು ತನ್ನ ಮಾನಾಪಮಾನದ ಕಡೆಗೆ ತಿರುಗಿದಾಗ ಫಲ ಕುಗ್ಗುತ್ತದೆ ಎಂಬುದು ಅವರ ವಿವರಣೆ.

“ನಿನಗೆ ಕಣ್ಣಿಲ್ಲವೇ?” ಎಂಬ ಮಾತು ವ್ಯಕ್ತಿಗೆ ತಾಗುತ್ತದೆ. “ಈ ಚೀಲದ ರಾಶಿಯಲ್ಲಿ ಗೊರಬಲು ಸೇರಿದೆಯಮ್ಮ, ಬೇರೆ ಮಾಡು” ಎಂಬ ಮಾತು ಕೆಲಸಕ್ಕೆ ತಾಗುತ್ತದೆ. ಮೊದಲನೆಯದನ್ನು ಕೇಳಿದವರು ಮುಂದಿನ ತಪ್ಪನ್ನು ಮುಚ್ಚಿಡುತ್ತಾರೆ. ಅದನ್ನು ಕೊನೆಗೆ ಕಂಡುಹಿಡಿಯುವವನು ದೂರದ ಊರಿನ ಖರೀದಿದಾರ. ಕೆಡುವುದು ಮಂಡಿಯ ಹೆಸರು.

ಹೇಳದೆ ಉಳಿದ ಮಾತು

ಮೌನವೂ ಹಾನಿಕರ. ಗಡಿ ರಸ್ತೆ ಇಲಾಖೆಯ ಎಂಜಿನಿಯರ್ ದೇವ್ ದತ್ ಅವರ ವಾರ್ಷಿಕ ಗೋಪ್ಯ ವರದಿಯಲ್ಲಿ ಒಂದು ವರ್ಷ ‘ಉತ್ತಮ’ ಎಂದು ದಾಖಲಾಗಿತ್ತು. ಬಡ್ತಿಗೆ ‘ಅತ್ಯುತ್ತಮ’ ಬೇಕಿತ್ತು. ಆ ದಾಖಲೆಯನ್ನು ಅವರಿಗೆ ತಿಳಿಸಿರಲೇ ಇಲ್ಲ, ಬಡ್ತಿ ತಪ್ಪಿತು. ಸರ್ಕಾರಿ ನೌಕರನ ಬಗೆಗಿನ ಪ್ರತಿಯೊಂದು ಷರಾವನ್ನೂ, ಅದು ಒಳ್ಳೆಯದಿರಲಿ ಕೆಟ್ಟದಿರಲಿ, ಸಕಾಲದಲ್ಲಿ ತಿಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ತೀರ್ಪಿತ್ತಿತು. ಉತ್ತರಿಸುವ ಅವಕಾಶ ನೌಕರನಿಗಿರಬೇಕು ಎಂಬುದೇ ಅದರ ತಿರುಳು. ತೀರ್ಪು ಖಾಸಗಿ ಅಂಗಡಿಗಳಿಗೆ ಅನ್ವಯಿಸದಿದ್ದರೂ ಅದರ ನೀತಿ ಎಲ್ಲರಿಗೂ ಒಪ್ಪುವಂಥದು.

ಅನುಸರಿಸಬಹುದಾದ ಕ್ರಮಗಳು

1. ತಪ್ಪನ್ನು ಕಂಡ ದಿನವೇ, ಬೇರೆಯವರ ಎದುರಿಗಲ್ಲದೆ ತಿಳಿಸುವುದು.

2. ಮಾಲು ಅಥವಾ ಕಡತವನ್ನು ಮುಂದಿಟ್ಟುಕೊಂಡೇ ಮಾತನಾಡುವುದು.

3. ಸರಿಯಾದ ಕೆಲಸವನ್ನೂ ಹೆಸರಿಸಿ ಹೇಳುವುದು.

4. ನೌಕರನ ಉತ್ತರವನ್ನು ಪೂರ್ತಿ ಕೇಳುವುದು. ತಪ್ಪಿನ ಮೂಲ ತೇವದ ಮಾಲಿನಲ್ಲೋ ಮಂದ ಬೆಳಕಿನಲ್ಲೋ ಇರಬಹುದು.

5. ಕೂಲಿ ಅಥವಾ ಬಡ್ತಿಯ ಮಾತನ್ನು ಪ್ರತ್ಯೇಕ ದಿನಕ್ಕೆ ಇರಿಸುವುದು.

ಈ ಕ್ರಮಗಳಿಗೆ ಹೆಚ್ಚುವರಿ ಬಂಡವಾಳ ಬೇಕಿಲ್ಲ. ಸುಗ್ಗಿಯ ನಡುವೆ ನುರಿತ ಕೈಯೊಂದನ್ನು ಕಳೆದುಕೊಳ್ಳುವ ನಷ್ಟದ ಮುಂದೆ, ಅಳೆದು ಆಡಿದ ನಾಲ್ಕು ಮಾತಿನ ಶ್ರಮ ಅತ್ಯಲ್ಪ.