ಗರ್ಭಲಿಂಗಧಾರಣೆಯೂ ಹೆಣ್ಣುಶಿಶುವೂ

ತಾಯಿಯ ಉದರದಲ್ಲಿರುವ ಶಿಶುವಿಗೆ ಎಂಟನೆಯ ತಿಂಗಳಿನಲ್ಲಿ ಲಿಂಗಧಾರಣೆ ಮಾಡಿಸುವುದು ವೀರಶೈವ ಸಂಪ್ರದಾಯ. ಗುರುವು ಸಂಸ್ಕರಿಸಿ ಕೊಟ್ಟ ಲಿಂಗವನ್ನು ಶಿಶುವಿನ ಪರವಾಗಿ ತಾಯಿಯು ಧರಿಸುವಳು. ಜನನಾನಂತರ ಅದು ಮಗುವಿನ ಇಷ್ಟಲಿಂಗವಾಗುವುದು. ಒಳಗಿರುವುದು ಗಂಡೋ ಹೆಣ್ಣೋ ಎಂದು ಗುರುವು ಕೇಳುವುದಿಲ್ಲ. ಕೇಳಬೇಕಾದ ಪ್ರಮೇಯವೇ ಇಲ್ಲ. ಲೋಕದ ಬೆಳಕನ್ನು ಕಾಣುವ ಮೊದಲೇ ಆ ಜೀವವು ಭಕ್ತರ ಸಾಲಿನಲ್ಲಿ ಸೇರಿಹೋಯಿತು.

ಅಕ್ಕ ನಾಗಲಾಂಬಿಕೆಗಿಲ್ಲದ ಉಪನಯನವು ತನಗೂ ಬೇಡವೆಂದು ಬಸವಣ್ಣನವರು ಮನೆಯಿಂದ ಹೊರಟರೆಂಬ ಐತಿಹ್ಯವನ್ನು ನಾವೆಲ್ಲರೂ ಬಲ್ಲೆವು. ದೇಹದ ಕುರುಹುಗಳು ಆತ್ಮವನ್ನು ಸೋಂಕವೆಂದು ಜೇಡರ ದಾಸಿಮಯ್ಯನೂ ಗೊಗ್ಗವ್ವೆಯೂ ಬೋಧಿಸಿದರು. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಪತಿ ಮಾರಯ್ಯನನ್ನು ಆಯ್ದಕ್ಕಿ ಲಕ್ಕಮ್ಮನು ತಿದ್ದಿದಳು. ಇವನ್ನು ಜಯಂತಿಗಳಲ್ಲಿ ಕೇಳಿ ತಲೆದೂಗುತ್ತೇವೆ.

ಕ್ಯಾತನಹಳ್ಳಿಯ ಸುತ್ತಣ ಕಬ್ಬಿನ ಸೀಮೆಯಲ್ಲಿ ಆಲೆಮನೆ ಯಾರಿಗೆ ತಾನೆ ಅಪರಿಚಿತ? ದಾರಿಹೋಕನಿಗೂ ಹಾಲು ಕುಡಿಸಿ, ಬಿಸಿಬೆಲ್ಲ ಕೈಗಿಡುವ ಸ್ಥಳವದು. 2023ರಲ್ಲಿ ಬೆಂಗಳೂರಿನ ಪೊಲೀಸರು ಭೇದಿಸಿದ ಭ್ರೂಣಲಿಂಗ ಪತ್ತೆಯ ಜಾಲವೊಂದು, ಮಂಡ್ಯದ ಬಳಿಯ ಆಲೆಮನೆಯೊಂದರಲ್ಲಿಯೇ ಸ್ಕ್ಯಾನಿಂಗ್ ಯಂತ್ರವನ್ನಿಟ್ಟು ಈ ಕೃತ್ಯವನ್ನು ನಡೆಸುತ್ತಿತ್ತೆಂದು ಬಯಲಾಯಿತು. 2024ರ ಮೇ ತಿಂಗಳಿನಲ್ಲಿ ಪಾಂಡವಪುರ ಪಟ್ಟಣದಲ್ಲಿಯೇ, ಆರೋಗ್ಯ ಇಲಾಖೆಯ ವಸತಿಗೃಹವೊಂದರಲ್ಲಿ, ಭ್ರೂಣಹತ್ಯೆಯ ಮತ್ತೊಂದು ಪ್ರಕರಣ ಹೊರಬಿದ್ದಿತು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸಿದ 1994ರ ಕಾಯಿದೆಯು ವೈದ್ಯನನ್ನು ಮಾತ್ರವಲ್ಲದೆ, ಪತ್ತೆ ಮಾಡಿಸಲು ಹೋದವರನ್ನೂ ದಂಡಿಸುತ್ತದೆ. ಗರ್ಭಿಣಿಯ ಮಟ್ಟಿಗೆ, ಬೇರೆ ಸಾಕ್ಷ್ಯ ದೊರೆಯದ ಹೊರತು, ಪತಿಯೋ ಬಂಧುಗಳೋ ಆಕೆಯನ್ನು ಬಲವಂತಪಡಿಸಿದರೆಂದೇ ಕಾಯಿದೆಯ ಭಾವನೆ. ಮನೆಯ ಹಿರಿಯರು ಈ ಮಾತನ್ನು ಎರಡು ಸಾರಿ ಓದಬೇಕು.

ಪುತ್ರನಿಲ್ಲದೆ ಸದ್ಗತಿಯಿಲ್ಲವೆಂಬ ನೆಪವಂತೂ ಲಿಂಗವಂತರಿಗೆ ಸಲ್ಲದು. ಲಿಂಗೈಕ್ಯನಾದವನಿಗೆ ಪಿಂಡವೆಲ್ಲಿಯದು, ಶ್ರಾದ್ಧವೆಲ್ಲಿಯದು? ಹಾಗಾದರೆ ಗಂಡುಮಗುವಿಗಾಗಿ ಈ ಹಂಬಲವೇಕೆ? ಬಹುಮಟ್ಟಿಗೆ ವರದಕ್ಷಿಣೆಯ ಭಯ ಮತ್ತು ನಾಲೆಯ ನೀರುಂಡ ನೆಲ ಮನೆಯಿಂದಾಚೆ ಹೋದೀತೆಂಬ ಭಯ. ಧರ್ಮದ ಮಾತು ಇಲ್ಲಿ ಬರಿಯ ಹೊದಿಕೆ.

ಆ ನೆಲದ ವಿಷಯವನ್ನೂ ಸ್ಪಷ್ಟವಾಗಿ ಹೇಳುವುದು ಒಳ್ಳೆಯದು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನೆತ್ತಿಯೇ ತನ್ನ ವ್ಯಾಪ್ತಿಯನ್ನು ಹೇಳುತ್ತದೆ. ಕರ್ನಾಟಕವು 1994ರಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲನ್ನಿತ್ತಿತು. 2005ರ ಕೇಂದ್ರ ತಿದ್ದುಪಡಿಯು ವಿವಾಹಿತೆಗೂ ಅದನ್ನು ವಿಸ್ತರಿಸಿತು. ಈ ಹಕ್ಕು ಹುಟ್ಟಿನಿಂದಲೇ ಬಂದುದು, ತಿದ್ದುಪಡಿಯ ದಿನ ತಂದೆ ಬದುಕಿರಬೇಕಾಗಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟು ನಿರ್ಣಯಿಸಿತು. ಮೊದಲೇ ಕ್ರಮವಾಗಿ ನೋಂದಣಿಯಾದ ವಿಭಾಗಗಳ ಮಾತು ಬೇರೆ.

ಇಷ್ಟಾದರೂ ತವರಿಗೆ ಬಂದ ಮಗಳಿಗೆ ಅರಿಸಿನ ಕುಂಕುಮ, ಒಂದು ಸೀರೆ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ವಾಡಿಕೆ ನಮ್ಮಲ್ಲಿ ನಿಂತಿಲ್ಲ. ಮನಃಪೂರ್ವಕವಾಗಿ ಬಿಟ್ಟುಕೊಡುವವರೂ ಇದ್ದಾರೆ. ಆದರೆ ಕಾಗದದಲ್ಲೇನಿದೆಯೆಂದು ಓದಿ ಹೇಳದೆ ಪಡೆದ ಸಹಿಗೆ ಮನಸ್ಸಿನ ಒಪ್ಪಿಗೆ ಎಲ್ಲಿಂದ ಬಂದೀತು? ಅಂತಹ ಪತ್ರವನ್ನು ಮುಂದಿಟ್ಟಾಗ ಸಹೋದರಿಯು ಅದನ್ನು ಮನೆಗೊಯ್ದು, ಬಲ್ಲವರಿಂದ ಓದಿಸಿ, ಬೇಡವೆನಿಸಿದರೆ ಸಹಿಮಾಡದೆ ಹಿಂತಿರುಗಿಸಬಹುದು. ಹಾಗೆ ಹಿಂತಿರುಗಿಸಿದವಳಿಗೂ ಮುಂದಿನ ಹಬ್ಬಕ್ಕೆ ತವರಿನಿಂದ ಕರೆ ಹೋಗಬೇಕು.