ಸೆಗಣಿ ಎಷ್ಟು, ಗುಂಡಿ ಅಷ್ಟು

ಅಕ್ಕಾ, ನಿಮ್ಮ ಮನೆಯಲ್ಲಿ ಗೋಬರ್ ಗ್ಯಾಸ್ ಹಾಕಿಸುವ ಮಾತು ನಡೆದಿದೆಯಾ? ಗುಂಡಿ ಎಷ್ಟು ದೊಡ್ಡದು ಬೇಕು ಅಂತ ಯಾರು ಹೇಳಿದರು? ಮನೆಯ ಗಂಡಸರು ಮಂದಿ ಲೆಕ್ಕ ಹೇಳ್ತಾರೆ. ಮೇಸ್ತ್ರಿ ಇಟ್ಟಿಗೆ ಲೆಕ್ಕ ಹೇಳ್ತಾನೆ. ಸೆಗಣಿ ಬಾಚುವವರು ನೀವು. ಸೆಗಣಿ ಲೆಕ್ಕ ನಿಮಗೇ ಗೊತ್ತು. ಅದರಿಂದಲೇ ಶುರು ಮಾಡಬೇಕು.

ದೇಶನೂರಿನ ಒಂದು ಮನೆ ಅಂತ ಇಟ್ಟುಕೊಳ್ಳೋಣ. 6 ಜನ. 2 ಎಮ್ಮೆ, 1 ಆಕಳು, 1 ಕರು. ಎಮ್ಮೆ ದಿನಕ್ಕೆ ಸುಮಾರು 15 ಕೆ.ಜಿ. ಸೆಗಣಿ ಹಾಕುತ್ತದೆ. ಆಕಳು 10, ಕರು 5. ಕೂಡಿಸಿದರೆ 45 ಕೆ.ಜಿ. ಆದರೆ ದನ ಹಗಲೆಲ್ಲ ಕಾಲುವೆ ದಂಡೆಯಲ್ಲಿ ಮೇಯ್ತವೆ. ಅಲ್ಲಿ ಬಿದ್ದ ಸೆಗಣಿ ಗುಂಡಿಗೆ ಬರೋದಿಲ್ಲ. ಕೊಟ್ಟಿಗೆಯಲ್ಲಿ ಸಿಕ್ಕಿದ್ದು 25 ಕೆ.ಜಿ. ಅನ್ನಿ. ಅದೇ ನಿಜವಾದ ಲೆಕ್ಕ. ಒಂದು ವಾರ ದಿನಾ ಪುಟ್ಟಿ ತೂಗಿ ಬರೆದಿಡಿ. ಈಗ ಬರೆಯಲು ಬರ್ತದಲ್ಲ!

1 ಕೆ.ಜಿ. ಹಸಿ ಸೆಗಣಿಗೆ ಸುಮಾರು 40 ಲೀಟರ್ ಗ್ಯಾಸ್ ಬರುತ್ತದೆ. 25 ಕೆ.ಜಿ.ಗೆ 1000 ಲೀಟರ್. ಇದಕ್ಕೆ 1 ಘನ ಮೀಟರ್ ಅಂತಾರೆ. ಒಬ್ಬರ ಅಡುಗೆಗೆ ದಿನಕ್ಕೆ ಸುಮಾರು 250 ಲೀಟರ್ ಬೇಕು. 6 ಜನಕ್ಕೆ 1500. ಅಂದರೆ 500 ಲೀಟರ್ ಕಡಿಮೆ ಬಿತ್ತು.

ಹಾಗಾದರೆ 2 ಘನ ಮೀಟರಿನ ಗುಂಡಿ ಕಟ್ಟಿದರೆ? ದೊಡ್ಡ ಚರಿಗೆ ಹಿಡಿದರೆ ಎಮ್ಮೆ ಹೆಚ್ಚು ಹಾಲು ಕೊಡುತ್ತಾ? ಸಾಲ ಮಾತ್ರ ಹೆಚ್ಚಾಗ್ತದೆ. ಇನ್ನೂ 13 ಕೆ.ಜಿ. ಸೆಗಣಿ ಸಿಕ್ಕರೆ ಎಲ್ಲರ ಅಡುಗೆ ಆಗುತ್ತದೆ. ಅದಕ್ಕೆ ದನ ಕಟ್ಟಿಹಾಕಿ ಮೇವು ತರಬೇಕು, ಇಲ್ಲವೇ ಮೇಯುವ ಕಡೆಯಿಂದ ಪುಟ್ಟಿ ಹೊರಬೇಕು. ಎರಡೂ ನಿಮ್ಮ ತಲೆಮೇಲೇ ಬರುವ ಕೆಲಸ. ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಬೇಡವಾದರೆ ಸಣ್ಣ ಗುಂಡಿಯೇ ಸಾಕು. ಕಡಿಮೆ ಬಿದ್ದದ್ದಕ್ಕೆ ಕಟ್ಟಿಗೆಯೋ ಸಿಲಿಂಡರೋ ಇರಲಿ.

ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನಲ್ಲಿ ಪುರ ಎಂಬ ಹಳ್ಳಿ ಇದೆ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಲ್ಲಿ ಊರಿಗೆಲ್ಲ ಸೇರಿ ಗೋಬರ್ ಗ್ಯಾಸ್ ಕಟ್ಟಿಸಿದರು. ಮೊದಲು ಅಡುಗೆಗೆ ಅಂತ ಇತ್ತು. ಎಲ್ಲ ಮನೆಯ ಅಡುಗೆಗೆ ಗ್ಯಾಸ್ ಸಾಲಲಿಲ್ಲ. 1987ರಿಂದ ಅದೇ ಗ್ಯಾಸಿನಿಂದ ಇಂಜಿನ್ ಓಡಿಸಿದರು. ನಲ್ಲಿಗೆ ನೀರು ಬಂತು, ಮನೆಗೆ ದೀಪ ಬಂತು. ಇದ್ದ ಸೆಗಣಿಗೆ ತಕ್ಕ ಕೆಲಸ ಹುಡುಕಿದರು.

ಇನ್ನು ಗುಂಡಿಯ ಅಳತೆ. ಸೆಗಣಿಯಷ್ಟೇ ನೀರು ಕಲಸಬೇಕು. 25 ಕೆ.ಜಿ.ಗೆ 25 ಲೀಟರ್. ದಿನಕ್ಕೆ 50 ಲೀಟರ್ ಬಗ್ಗಡ ಆಯಿತು. ಅದು ಸುಮಾರು 40 ದಿನ ಗಾಳಿ ಇಲ್ಲದೆ ಒಳಗೇ ಕೊಳೆಯಬೇಕು. 50ನ್ನು 40ರಿಂದ ಗುಣಿಸಿರಿ: 2000 ಲೀಟರ್. ಗ್ಯಾಸ್ ನಿಲ್ಲಲು ಮೇಲೆ ಜಾಗ ಬೇರೆ. ನೀರು ಜಾಸ್ತಿ ಸುರಿದರೆ ಬಗ್ಗಡ ಕೊಳೆಯುವ ಮೊದಲೇ ಹೊರಗೆ ಹೋಗ್ತದೆ.

ಅನ್ನ, ತರಕಾರಿ ಸಿಪ್ಪೆ ಸ್ವಲ್ಪ ಹಾಕಬಹುದು. ಭತ್ತದ ಹುಲ್ಲು ಬೇಡ. ತೇಲಿ ಮೇಲೆ ಕೆನೆ ಕಟ್ಟುತ್ತದೆ. ಸೋಪಿನ ನೀರು, ಫಿನಾಯಿಲ್ ಬೇಡವೇ ಬೇಡ. ಗ್ಯಾಸ್ ಮಾಡುವ ಸಣ್ಣ ಜೀವಿಗಳು ಸಾಯ್ತವೆ. ಪಾಯಿಖಾನೆ ಜೋಡಿಸಿದರೆ 6 ಜನರಿಂದ ಸಿಗುವ ಗ್ಯಾಸ್ ಒಂದು ಕರುವಿನ ಸೆಗಣಿಯಷ್ಟೇ. ಊರ ಹೊರಗೆ ಕತ್ತಲಲ್ಲಿ ಹೋಗೋದು ತಪ್ಪುತ್ತದೆ, ಅದಕ್ಕಾಗಿ ಜೋಡಿಸಿರಿ. ಆದರೆ ಆ ಬಗ್ಗಡವನ್ನು ಬರಿಗೈಲಿ ಮುಟ್ಟಬೇಡಿ, ಸೊಪ್ಪಿನ ಮಡಿಗೆ ಹಾಕಬೇಡಿ.

ಲೆಕ್ಕ ಮಾಡಿರಿ:
ನಮ್ಮ ಕೊಟ್ಟಿಗೆಯಲ್ಲಿ ದಿನಕ್ಕೆ ಸಿಗುವ ಸೆಗಣಿ ____ ಕೆ.ಜಿ.
ಅದರಿಂದ ಬರುವ ಗ್ಯಾಸ್ ____ ಲೀಟರ್.
ದಿನಾ ಹೊರಬೇಕಾದ ನೀರು ____ ಕೊಡ. ಹೊರುವವರು ಯಾರು? ________